ತಮ್ಮನ ಪಾಲಿನ ಡಬ್ಬಿ

ನಮ್ಮ ಗೋಪಾಲಪ್ಪ ಮಾವನಿಗೆ ಸೊರಬದ ಕಡೆಯ ಕಾಡು, ಕೆರೆ, ಕಚ್ಚಾ ರಸ್ತೆ ಎಲ್ಲಾ ಬಾಯಿಪಾಠ. ಅಂಥವನ ಕೈಗೆ ದಾರಿ ತೋರಿಸೋ ಮಿಷನ್ನು ಬಂತು ಅಂದರೆ ನಗದೆ ಇನ್ನೇನು ಮಾಡೋದು? ಗುಡವಿಗೆ ಹಕ್ಕಿ ನೋಡೋಕೆ ಬರೋರನ್ನ ಜೀಪಲ್ಲಿ ಸುತ್ತಾಡಿಸೋದು ಅವನ ಕಸುಬು. ಹಾಗೆ ಬಂದವರೊಬ್ಬರು ತಮ್ಮ ಹಳೇ ಜಿಪಿಎಸ್ ಮಿಷನ್ನು ಕೊಟ್ಟು, ಅದರಲ್ಲಿ ಆಡೋ ಆಟವನ್ನೂ ಕಲಿಸಿ ಹೋದರು. ಜಿಯೋಕ್ಯಾಶಿಂಗ್ ಅಂತ ಹೆಸರು. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಅಂಕಿ ಕೊಡ್ತಾರೆ, ಇನ್ನೊಬ್ಬರು ಆ ಅಂಕಿಯನ್ನ ಮಿಷನ್ನಿಗೆ ಹಾಕಿ ಹುಡುಕಿಕೊಂಡು ಹೋಗ್ತಾರೆ. ಮಾವ ಕೆರೆ ಏರಿ ಮೇಲೆ ಆಕಾಶಕ್ಕೆ ಕೈ ಎತ್ತಿ ನಿಲ್ಲೋದನ್ನ ಕಂಡವರು ಇವನಿಗೆ ತಲೆ ಕೆಟ್ಟಿದೆ ಅಂದರು. ನಾನೂ ಅಂದೆ.

ಆದರೆ ಅವನ ತಲೇಲಿ ಇದ್ದದ್ದು ನಮ್ಮಮ್ಮ ಗುಡ್ಡಮ್ಮ, ಅವನ ಒಬ್ಬಳೇ ಅಕ್ಕ.

ಅಜ್ಜಿ ತೀರಿಕೊಂಡ ದಿನ ಅಮ್ಮ ಶಿಕಾರಿಪುರದಿಂದ ಹೊರಟ ಬಸ್ಸು ಶಿರಾಳಕೊಪ್ಪದ ಹತ್ತಿರ ಕೆಟ್ಟು ನಿಂತಿತು. ಗುಡವಿಯಲ್ಲಿ ಹಿರಿಯರು ಅವಸರ ಮಾಡಿದರು. "ಹೊತ್ತು ಮುಳುಗೋದರೊಳಗೆ ಆಗಬೇಕು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಅವಳಿಗೆ ಎಷ್ಟಂತ ಕಾಯೋದು?" ಮಾವ ಬೆಂಕಿ ಇಟ್ಟುಬಿಟ್ಟ. ಅಮ್ಮ ಬಂದಾಗ ತಾಯಿಯ ಮುಖ ಇರಲಿಲ್ಲ, ಹೊಗೆ ಇತ್ತು. "ನಿನ್ನ ಹೊಸ್ತಿಲು ನಾನು ತುಳಿಯಲ್ಲ, ನನ್ನ ಹೊಸ್ತಿಲು ನೀನು ತುಳೀಬೇಡ" ಅಂದವಳೇ ಬಂದ ಕಾಲಲ್ಲೇ ವಾಪಸ್ಸು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಮ್ಮ ಆಮೇಲೆ ನನ್ನ ಮನೇಲೇ ಇದ್ದಳು, ತಮ್ಮನ ಹೆಸರು ಎತ್ತುತ್ತಿರಲಿಲ್ಲ.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ. ಅಂಗಡಿಗೆ ಹೊಸ್ತಿಲಿಲ್ಲ, ಶಟರ್ರು. ಅದಕ್ಕೇ ಮಾವ ಪ್ಯಾಂಟು ಹೊಲಿಸೋ ನೆಪದಲ್ಲಿ ಅಲ್ಲಿಗೆ ಬರ್ತಿದ್ದ. ಒಂದಿನ ಮಿಷನ್ನು ತಂದು ಪಾಠ ಶುರು ಮಾಡಿದ.

"ಮೊದಲು ಬಯಲಲ್ಲಿ ನಿಲ್ಲಬೇಕು. ಮರದ ಕೆಳಗೆ ಉಪಗ್ರಹ ಸರಿಯಾಗಿ ಸಿಗಲ್ಲ, ಬಾಣ ಎತ್ತೆತ್ತಲೋ ತೋರಿಸುತ್ತೆ. ಡಬ್ಬಿ ಹತ್ತಿರ ಹೋದ ಮೇಲೆ ಮಿಷನ್ನು ಜೇಬಿಗಿಟ್ಟು ಕಣ್ಣಲ್ಲಿ ಹುಡುಕು. ನಾಲ್ಕು ಮಾರು ಹೆಚ್ಚುಕಮ್ಮಿ ಆಗುತ್ತೆ."

"ಇದೆಲ್ಲ ನನಗೆ ಎಂತಕ್ಕೆ ಮಾವ?"

"ಅಕ್ಕನ್ನ ಕರಕೊಂಡು ಹೋಗು ಮಾರಾಯ್ತಿ. ನಮ್ಮ ಗದ್ದೆ ಬದೂಲಿ ಡಬ್ಬಿ ಇಟ್ಟಿದೀನಿ. ಗದ್ದೆಗೂ ಹೊಸ್ತಿಲಿಲ್ಲವಲ್ಲ. ನಾನು ಅಲ್ಲಿರಲ್ಲ, ನನ್ನ ಕಂಡರೆ ತಿರುಗಿ ಹೋಗ್ತಾಳೆ."

ಆ ಆಟಕ್ಕೊಂದು ನಿಯಮ ಇದೆ. ಡಬ್ಬೀಲಿರೋದನ್ನ ತಗೊಂಡರೆ ಬದಲಿಗೆ ನಮ್ಮದೇನಾದರೂ ಇಡಬೇಕು, ಡಬ್ಬಿಯನ್ನ ಮಾತ್ರ ಇದ್ದಲ್ಲೇ ಬಿಟ್ಟು ಬರಬೇಕು. ಅಕ್ಕ ಏನಾದರೂ ಇಟ್ಟು ಹೋದರೆ ಸಿಟ್ಟು ಇಳಿದಿದೆ ಅಂತ, ಹೋಗಿ ಕಾಲಿಗೆ ಬೀಳೋದು ಅಂತ ಮಾವನ ಲೆಕ್ಕ. ಉಪಗ್ರಹದ ಪುರಾಣ ಅಷ್ಟುದ್ದ ಹೇಳಿದ ಪುಣ್ಯಾತ್ಮ ಈ ನಿಯಮ ಒಂದನ್ನ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡನಂತೆ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತೆ ನನಗೆ.

ಕೊಯ್ಲಿನ ಹೊತ್ತಿಗೆ ಅಮ್ಮನ್ನ ಪುಸಲಾಯಿಸಿ ಹೊರಡಿಸಿದೆ. "ಅವನು ಇಟ್ಟ ಡಬ್ಬಿ ಯಾರಿಗೆ ಬೇಕು" ಅಂತ ಗೊಣಗಿದಳು, ಆದರೂ ಒಳ್ಳೇ ಸೀರೆ ಉಟ್ಟಳು. ಗದ್ದೆಗೆ ಇಳಿದ ಮೇಲೆ ಮಿಷನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಮುಂದೆ ನಡೆದಳು. ಬಾಣ ಅತ್ತಿತ್ತ ತಿರುಗೋಕೆ ಶುರುವಾದಾಗ ಅದನ್ನ ಸೊಂಟಕ್ಕೆ ಸಿಕ್ಕಿಸಿ, ನೇರ ಬದುವಿನ ಒಂದು ಕಲ್ಲಿನ ಹತ್ತಿರ ಹೋಗಿ ಕೂತಳು.

"ಇದು ಅವ್ವ ಕಡುಬು ಹೂಳ್ತಿದ್ದ ಜಾಗ ಕಣೆ."

ಭೂಮಿ ಹುಣ್ಣಿಮೆಯ ದಿನ ನಮ್ಮ ಕಡೆ ಬಸುರಿಗೆ ಹಾಕೋ ಹಾಗೆ ಗದ್ದೆಗೂ ಬಯಕೆ ಊಟ. ಅವತ್ತು ಹೂತ ಕಡುಬನ್ನ ಕೊಯ್ಲಿನಲ್ಲಿ ತೆಗೆದು ಮನೆಗೆ ತಂದು, ಪ್ರಸಾದ ಅಂತ ಹಂಚಿ ತಿನ್ನೋದು ಪದ್ಧತಿ. ಕಲ್ಲು ಸರಿಸಿದರೆ ಪ್ಲಾಸ್ಟಿಕ್ ಡಬ್ಬಿ. ಒಳಗೆ ಅಜ್ಜಿಯ ಕುಂಕುಮದ ಭರಣಿ, ಅಮ್ಮನಿಗೆ ಇಷ್ಟವಾದ ಕಡ್ಲೆ ಮಿಠಾಯಿ. ಅಮ್ಮ ಬದುವಿನ ಮೇಲೆ ಕೂತು ಅತ್ತಳು. ಆಮೇಲೆ ಡಬ್ಬಿಯನ್ನ ಸೆರಗಲ್ಲಿ ಸುತ್ತಿಕೊಂಡು ಎದ್ದಳು. ಇಟ್ಟದ್ದನ್ನ ಗದ್ದೇಲೇ ಬಿಟ್ಟು ಬರೋರು ಉಂಟಾ? ನನಗೂ ಅದೇ ಸರಿ ಅನ್ನಿಸಿತು.

ಮನೆಗೆ ಬಂದು ಮಿಠಾಯಿಯಲ್ಲಿ ಅರ್ಧವನ್ನ ಬೀದಿಯವರಿಗೆ ಹಂಚಿದಳು, ಅರ್ಧ ಡಬ್ಬೀಲಿಟ್ಟು ದೇವರ ಗೂಡಿನಲ್ಲಿ ಇಟ್ಟಳು. "ಇದು ತಮ್ಮನ ಪಾಲು. ನೀನು ಹೇಳಿ ಕಳಿಸಬೇಡ, ನನ್ನಾಣೆ. ಡಬ್ಬಿ ಅಲ್ಲಿ ಇಲ್ಲದ್ದು ಕಂಡರೆ ಪ್ರಸಾದದ ಹಾಗೆ ಮನೆಗೆ ತಂದೆ ಅಂತ ಅವನಿಗೇ ತಿಳಿಯುತ್ತೆ, ಬರ್ತಾನೆ."

ಮಾವ ಹೋಗಿ ನೋಡಿದ. ಡಬ್ಬಿ ಇರಲಿಲ್ಲ, ಬದಲಿಗೆ ಏನೂ ಇರಲಿಲ್ಲ. ಅವ್ವನದು ತಗೊಂಡಳು, ನನಗೆ ಕೊಡೋಕೆ ಅವಳಲ್ಲಿ ಏನೂ ಇಲ್ಲ ಅಂದುಕೊಂಡ. ನಾನು ಮಿಷನ್ನನ್ನ ಬಸ್ ಕಂಡಕ್ಟರ್ ಕೈಲಿ ವಾಪಸ್ಸು ಕಳಿಸಿ ಫೋನ್ ಮಾಡಿದರೆ "ಸಿಕ್ತು" ಅಂತ ಮಾವನದು ಒಂದೇ ಮಾತು. ಅಂಗಡಿಗೆ ಬರೋದೂ ನಿಂತಿತು. ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದವರು, ಹಠದಲ್ಲಿ ಒಬ್ಬರನ್ನೊಬ್ಬರು ಮೀರಿಸೋರು.

ಪ್ರತೀ ಭೂಮಿ ಹುಣ್ಣಿಮೆಗೆ ಅಮ್ಮ ಡಬ್ಬಿಯ ಹಳೇ ಮಿಠಾಯಿ ತೆಗೆದು ಹೊಸದು ಇಡ್ತಿದ್ದಳು. ಹಾಗೇ ವರ್ಷಗಳು ಹೋದವು. ಆಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಲು ಒಲೆ ಮೇಲಿನ ಹಾಲು, ಆಮೇಲೆ ಪಕ್ಕದ ಮನೆಯವರು, ಆಮೇಲೆ ನನ್ನ ಹೆಸರು. ಆಣೆ ಹಾಳಾಗಲಿ ಅಂತ ಮಾವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

"ಇದ್ದಲ್ಲೇ ಇಡಬೇಕಿತ್ತು ಶಾಲಿನೀ. ನಾನು ಹೇಳಬೇಕಿತ್ತು" ಅಂದ.

ಅವತ್ತೇ ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತು, ಒಳಗೆ ಕಾಲಿಟ್ಟ. "ಅಕ್ಕ" ಅಂದ.

ಅಮ್ಮ ತಲೆ ಎತ್ತಿದಳು. "ಯಾರ್ರೀ? ಬನ್ನಿ, ಕೂತ್ಕೊಳ್ಳಿ."

ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಮ್ಮನಿಗೆ ರೀ. ಮಾವ ಗೂಡಿನ ಕಡೆ ನೋಡಿ ಡಬ್ಬಿಗೆ ಕೈ ಚಾಚಿದ. ಅಮ್ಮ ಎದ್ದು ಅಡ್ಡ ಬಂದಳು.

"ಅದು ಮುಟ್ಟಬೇಡಿ. ನನ್ನ ತಮ್ಮಂದು, ಬರ್ತಾನೆ ಅವನು."

ಮಾವ ಕೈ ಹಿಂದಕ್ಕೆ ತಗೊಂಡ. ದಾರೀಲಿ ಕೊಂಡಿದ್ದ ಮಿಠಾಯಿ ಪೊಟ್ಟಣ ಜೇಬಿಂದ ತೆಗೆದು ಅವಳ ಕೈಗಿಟ್ಟ. "ನಿಮ್ಮ ತಮ್ಮ ಕೊಟ್ಟು ಕಳಿಸಿದಾನೆ."

"ಅವನ್ಯಾಕೆ ಬರಲಿಲ್ಲ?"

"ಬಸ್ಸು ಕೆಟ್ಟು ನಿಂತಿದೆಯಂತೆ."

ಅಮ್ಮ ಪೊಟ್ಟಣವನ್ನ ಡಬ್ಬೀಲಿಟ್ಟು ಮುಚ್ಚಳ ಒತ್ತಿದಳು. "ತಡ ಆದರೆ ಆಗಲಿ, ನಾನು ಕಾಯ್ತೀನಿ" ಅಂದಳು. "ಮನೆ ಮಂದಿ ಬರೋ ತನಕ ಕಾಯಬೇಕ್ರೀ."