ರವಿವಾರದ ಕಡಕ್ ರೊಟ್ಟಿ

ಪುಣೆಯ ಯೆರವಡಾದಲ್ಲಿರುವ ಸಾವಂತ್ರವ್ವನ ಖಾನಾವಳಿಯಲ್ಲಿ ರವಿವಾರ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ವಾರವೆಲ್ಲ ಡಬ್ಬಿ ತರಿಸಿ ಉಣ್ಣುವವರು ಅಂದು ಬಂದು ಕೂತು, ಹಂಚಿನಿಂದ ಆಗತಾನೆ ಇಳಿದ ಜೋಳದ ರೊಟ್ಟಿ ಕೇಳುತ್ತಾರೆ. ಬಡಿಯುವವಳು ಸೊಸೆ ಶಿವಾನಿ. ಅತ್ತೆ ಸಾವಂತ್ರವ್ವನ ಬಲಭುಜ ಹಿಡಿದುಕೊಂಡಾಗಿನಿಂದ ಆ ಮನೆಯಲ್ಲಿ ರೊಟ್ಟಿ ಬಡಿಯುವ ಕೈ ಅವಳದೊಂದೇ.

ಅಂಥದರಲ್ಲಿ ಶಿವಾನಿ ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಹೆಸರು ಹಚ್ಚಿದಳು. ಪುಸ್ತಕ ಮನೆಗೇ ಬರುತ್ತವೆ, ಮಗಳು ಮಲಗಿದಾಗ ಓದಿದರಾಯಿತು ಎಂದುಕೊಂಡಿದ್ದಳು. ಆದರೆ ಅಭ್ಯಾಸ ಕೇಂದ್ರದ ಮೇಡಂ ಮೊದಲೇ ಹೇಳಿಬಿಟ್ಟರು: ರವಿವಾರದ ತರಗತಿ ತಪ್ಪಿಸಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

“ರವಿವಾರನ ಬೇಕೇನು ಅವರಿಗೆ?” ಸಾವಂತ್ರವ್ವ ಸಿಡುಕಿದಳು. “ರೊಟ್ಟಿ ಯಾರು ಬಡೀಬೇಕು? ನಿನ್ನ ಪುಸ್ತಕ ಬಡೀತಾವೇನು?”

“ಕಡಕ್ ರೊಟ್ಟಿ ಮಾಡಿಡ್ತೀನ್ರಿ ಅತ್ತಿ. ತಿಂಗಳಾದ್ರೂ ಕೆಡೂದಿಲ್ಲ.”

“ಅದು ಬ್ಯಾಸಿಗ್ಯಾಗ, ನಮ್ಮ ಊರಾಗ.”

ಶಿವಾನಿ ಕಿವಿಗೆ ಹಾಕಿಕೊಳ್ಳಲಿಲ್ಲ. ಗುರುವಾರದಿಂದಲೇ ತೆಳ್ಳಗೆ ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಒಟ್ಟಿದಳು. ಪುಣೆಯ ಜುಲೈ ಮಳೆಯ ಥಂಡಿ ಬುಟ್ಟಿಯೊಳಗೂ ಇಳಿಯಿತು. ರವಿವಾರ ಅವಳು ತರಗತಿಯಲ್ಲಿ ಕೂತಿದ್ದಾಗ ಗಿರಾಕಿಗಳ ತಾಟಿಗೆ ಬಿದ್ದದ್ದು ಚರ್ಮದಂಥ ರೊಟ್ಟಿ. ಹಳೆಯ ಗಿರಾಕಿ ಅಪ್ಪಾಸಾಹೇಬ ಒಂದನ್ನು ಎತ್ತಿ ಹಿಡಿದು, “ಸಾವಂತ್ರವ್ವಾರ, ಇದನ್ನ ಉಣ್ಣೂದೋ, ಕಾಲಾಗ ಹಾಕ್ಕೊಳ್ಳೂದೋ?” ಎಂದ. ಎಲ್ಲರೂ ನಕ್ಕರು. ಇಬ್ಬರು ಎದ್ದು ಎದುರಿನ ಹೋಟೆಲಿಗೆ ಹೋದರು.

ಸಂಜೆ ಅತ್ತೆ ಇದನ್ನೆಲ್ಲ ಹೇಳುವಾಗ ಮಗಳು ಶಿವಾನಿಯ ಸೆರಗು ಹಿಡಿದು ಜೋತುಬಿದ್ದಿದ್ದಳು. ಶಿವಾನಿಗೆ ಅಳು ಬಂದಿತ್ತು. ಅತ್ತರೆ ರೊಟ್ಟಿಯೇನೂ ಗರಿಗರಿಯಾಗುವುದಿಲ್ಲವಲ್ಲ.

“ಮುಂದಿನ ರವಿವಾರಾನೂ ಹೋಗ್ತೀನ್ರಿ ಅತ್ತಿ. ಅರ್ಧಕ್ಕ ಕಾಲೇಜು ಬಿಟ್ಟು ಈ ಮನಿಗೆ ಬಂದೆ. ನಾಳೆ ಈ ಹುಡುಗಿಗೆ ಪೂರಾ ಓದು ಅಂತ ಯಾವ ಬಾಯಿಲೆ ಹೇಳ್ಲಿ?”

“ಗಿರಾಕಿ ಹ್ವಾದ್ರ?”

“ರುಚಿ ಇದ್ರ ಬರ್ತಾರ. ತಪ್ಪು ರೊಟ್ಟೀದು, ಕ್ಲಾಸಿಂದಲ್ಲ.”

ಸಾವಂತ್ರವ್ವ ಎದ್ದು ಹೋದಳು.

ಈ ಸಲ ಶಿವಾನಿ ಬುಟ್ಟಿ ಬಿಟ್ಟು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟಳು. ಶನಿವಾರ ತೆರೆದರೆ ಮೇಲಿನವು ಗರಿಗರಿ, ಅಡಿಯವು ಇನ್ನೂ ಮೆತ್ತಗೆ. ಅವಳು ಡಬ್ಬಿಯೊಳಗೇ ನೋಡುತ್ತ ನಿಂತಿರಲು, ಸಾವಂತ್ರವ್ವ ಬಂದು ಗ್ಯಾಸು ಸಣ್ಣಗೆ ಮಾಡಿ, ಹಂಚಿನ ಮೇಲೆ ಒಂದು ರೊಟ್ಟಿ ಇಟ್ಟು, ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತಿದಳು. ತುಸು ಹೊತ್ತಿಗೆ ಅದು ಹಪ್ಪಳದಂತೆ ಸದ್ದು ಮಾಡಿತು.

“ನಾಳೆ ಬಡಸೂ ಮುಂದ ಹಿಂಗ ಮಾಡಿ ಕೊಡ್ತೀನಿ. ಬಡಿಯಾಕ ಬಲಗೈ ಬೇಕು, ಇದಕ್ಕ ಎಡಗೈ ಸಾಕು. ನೀ ಏನ್ ನಿಂತು ನೋಡ್ತಿ? ಹೋಗಿ ಓದ್ಕೊ.”

ಮರುದಿನ ತರಗತಿಯಲ್ಲಿ ಶಿವಾನಿಯ ಅರ್ಧ ಜೀವ ಹಂಚಿನ ಮೇಲೆಯೇ ಇತ್ತು. ಆದರೂ ಹಾಜರಿ ಕೂಗಿದಾಗ ಗಟ್ಟಿಯಾಗಿ ಓಗೊಟ್ಟಳು. ಕೊನೆಯ ತಾಸಿನವರೆಗೂ ಏಳಲಿಲ್ಲ. ತೋಯ್ದುಕೊಂಡು ಮನೆಗೆ ಬಂದವಳೇ ಡಬ್ಬಿ ತೆರೆದು ನೋಡಿದಳು. ತಳದಲ್ಲಿ ಬರೀ ಚೂರು.

“ಅಪ್ಪಾಸಾಹೇಬ್ರು ಏನಂದ್ರು ಅತ್ತಿ?”

“ಏನಂತಾನ? ಬಾಯಾಗ ಕರಕರ ನಡದಿತ್ತು, ಮಾತಾಡಾಕ ಪುರಸೊತ್ತ ಇರಲಿಲ್ಲ. ಎದುರಿನ ಹೋಟೆಲಿಗೆ ಹೋದೋರೊಳಗ ಒಬ್ಬ ತಿರುಗಿ ಬಂದಾನ. ಇನ್ನೊಬ್ಬಂದು ಗೊತ್ತಿಲ್ಲ.” ಸಾವಂತ್ರವ್ವ ಮೊಮ್ಮಗಳನ್ನು ಎಡಗಂಕುಳಿಗೆ ಏರಿಸಿಕೊಂಡಳು. “ಇಷ್ಟ ರೊಟ್ಟಿ ಸಾಲಂಗಿಲ್ಲ. ಬರೂ ರವಿವಾರಕ್ಕ ಬುಧವಾರನ ಬಡಿಯಾಕ ಶುರು ಮಾಡು.”