ಮೆಂತೆಗೆ ಒಂದು ವಾರ ರಜೆ

ನನ್ನ ಎದೆಯೊಳಗೆ ಲೋಹದ ಕವಾಟ ಕೂರಿಸಿದ ಮೇಲೆ ಡಾಕ್ಟರು ಹೇಳಿದ್ದು ಇಷ್ಟೇ: ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ತಪ್ಪಲಪಲ್ಲೆಯಲ್ಲಿ, ಅಂದರೆ ಸೊಪ್ಪಿನಲ್ಲಿ, ವಿಟಮಿನ್ ಕೆ ಇರುತ್ತದೆ, ರಕ್ತ ಹೆಪ್ಪುಗಟ್ಟಲು ಅದು ಬೇಕು, ಆದರೆ ಅದು ಈ ಗುಳಿಗೆಗೆ ಎದುರು ನಿಲ್ಲುತ್ತದೆ. "ಪಲ್ಲೆ ಬಿಡೂದು ಬ್ಯಾಡ್ರಿ. ದಿನಾ ಒಂದೇ ಅಳತಿ ತಿನ್ರಿ, ಗುಳಿಗಿ ಅದಕ್ಕ ಹೊಂದಿಸಿ ಕೊಡ್ತೇನಿ" ಎಂದರು.

ಆಳಂದ ತಾಲೂಕಿನವನಿಗೆ ಹೇಳುವ ಮಾತೇ ಇದು? ರೊಟ್ಟಿಯ ಪಕ್ಕ ಹಸಿ ಮೆಂತೆ, ಹಕ್ಕರಿಕಿ ಇಲ್ಲದಿದ್ದರೆ ನಮಗೆ ಅದು ಊಟವಲ್ಲ, ಉಪವಾಸ. ಅಳತೆಯನ್ನು ಕಂಡವರಾರು? ಸೊಪ್ಪಿನ ಸಿವುಡು ಬಿಚ್ಚುವುದು, ಮುಗಿಯುವವರೆಗೆ ತಿನ್ನುವುದು. ಎಳ್ಳಮಾವಾಸ್ಯೆಗಂತೂ ಹೊಲದಲ್ಲಿ ಕೂತು ಸಿಕ್ಕ ಸೊಪ್ಪನ್ನೆಲ್ಲ ಹಾಕಿ ಕುದಿಸಿದ ಭಜ್ಜಿ.

ಆದರೆ ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ತಪಾಸಣೆ ಎಂದರೇನೆಂದು ನನಗೆ ಡಾಕ್ಟರು ಕಲಿಸಬೇಕೆ? ಸಾಹೇಬರು ಬರುವ ವಾರ ಗೋಡೆಗೆ ಸುಣ್ಣ ಬಳಿಸಿ, ನಕಾಶೆ ತೂಗುಹಾಕಿ, ಓದಲು ಬಾರದ ಮಕ್ಕಳಿಗೆ "ನಾಳಿ ಬರಬ್ಯಾಡ್ರಿ" ಎಂದು ರಜೆ ಕೊಟ್ಟು, ಪ್ರತಿ ಸಲವೂ 'ಉತ್ತಮ' ಎಂದು ಬರೆಸಿಕೊಂಡ ಮಹಾನುಭಾವ. ಅದೇ ಜಾಣತನವನ್ನು ರಕ್ತಕ್ಕೂ ಹಚ್ಚಿದೆ. ಪರೀಕ್ಷೆಗೆ ಒಂದು ವಾರ ಮುಂಚೆ ಪಲ್ಲೆ ಬಂದ್. ಬರೀ ಬೇಳೆ, ಶೇಂಗಾ ಚಟ್ನಿ, ಮುಖದ ತುಂಬ ತ್ಯಾಗ. ರಕ್ತ ಕೊಟ್ಟು ಬಸ್ಸಿಳಿದ ಕೂಡಲೇ ಎರಡು ಸಿವುಡು ಮೆಂತೆ ಹಿಡಿದು ಮನೆಗೆ.

"ಡಾಕ್ಟರ್ ಹಂಗ ಹೇಳಿಲ್ರಿ" ಎಂದಳು ಹೆಂಡತಿ.

"ನೀ ಸುಮ್ಮನಿರಬೇ. ರಿಪೋರ್ಟ್ ಚಲೋ ಬರಬೇಕಿಲ್ಲ?" ಎಂದೆ.

ರಿಪೋರ್ಟು ಬಂತು. ಗುಳಿಗೆಗೆ ಎದುರಾಳಿಯೇ ಇಲ್ಲದ ಆ ವಾರದ ರಕ್ತ ತೀರ ತೆಳುವಾಗಿದೆ ಎಂದಿತ್ತು. ಪಾಪ ಡಾಕ್ಟರು, ಸುಣ್ಣದ ಗೋಡೆ ನೋಡಿದ ಸಾಹೇಬರಂತೆ ನಂಬಿ ಗುಳಿಗೆಯ ಅಳತೆ ಇಳಿಸಿದರು. ಮುಂದಿನ ತಿಂಗಳು ಮತ್ತಷ್ಟು ಇಳಿಸಿದರು. ನನಗಂತೂ ಬಡ್ತಿ ಸಿಕ್ಕ ಸಂಭ್ರಮ, ಕಟ್ಟೆಕಟ್ಟೆಗೆ ಹೇಳಿಕೊಂಡು ತಿರುಗಿದೆ. ಗುಳಿಗೆ ಇಳಿದಿದೆ, ಉಳಿದ ಮೂರು ವಾರ ಮೆಂತೆ ಮಾತ್ರ ಇಳಿದಿಲ್ಲ ಎಂಬ ಸರಳ ಲೆಕ್ಕ ಮಾಸ್ತರನ ತಲೆಗೆ ಹತ್ತಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬಲಗೈಯಿಂದ ರೊಟ್ಟಿ ಮುರಿಯಲಾಗಲಿಲ್ಲ. ಹೆಂಡತಿಯನ್ನು ಕರೆಯಲು ಹೋದರೆ ನಾಲಿಗೆ ಹೊರಳಲಿಲ್ಲ. ಜನ್ಮದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ದವಾಖಾನೆ ಮುಟ್ಟುವಷ್ಟರಲ್ಲಿ ಕೈಯೂ ಮಾತೂ ಮರಳಿದವು.

"ಸಣ್ಣ ಹೆಪ್ಪು ಮಿದುಳಿಗೆ ಹೋಗಿ ಕರಗ್ಯಾದ್ರಿ. ಮುಂದಿನ ಸಲಾನೂ ಕರಗ್ತದಂತ ನಂಬಬ್ಯಾಡ್ರಿ" ಎಂದರು ಡಾಕ್ಟರು. ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ನಾನು ಛಾವಣಿ ನೋಡಿದೆ. ಹೆಂಡತಿ ಎಲ್ಲ ಒದರಿಬಿಟ್ಟಳು. "ಇನ್ನ ದಿನಾ ಒಂದೇ ವಾಟಿ ಮೆಂತಿ. ಪರೀಕ್ಷಾದ ವಾರಾನೂ" ಎಂದು ಡಾಕ್ಟರು ಎದ್ದು ಹೋದರು.

ರಕ್ತ ತೆಗೆಯಲು ನಿಂತಿದ್ದ ಲ್ಯಾಬಿನ ಹೆಣ್ಣುಮಗಳು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ನನ್ನ ತೋಳಿಗೆ ಪಟ್ಟಿ ಬಿಗಿಯುತ್ತ ಹೇಳಿದಳು: "ಸರ್, ನಾ ನಿಮ್ಮ ಸಾಲಿಯೊಳಗೇ ಕಲ್ತಾಕಿರಿ. ಸಾಹೇಬ್ರು ಬರೋ ದಿನ ನನಗೂ ಹಿಂಗ ಸೂಟಿ ಕೊಡ್ತಿದ್ರಿ."

ಅವಳ ಮುಖ ನನಗೆ ನೆನಪಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಬೇರೆಯವರು ಮೂರು ಸಲ ಚುಚ್ಚಿ ಹುಡುಕುವ ನನ್ನ ನರ ಅವಳಿಗೆ ಒಂದೇ ಸಲಕ್ಕೆ ಸಿಕ್ಕಿತು.