ಕಂಕಣ ಕಟ್ಟಿಸಿಕೊಂಡ ಟರ್ಬೊ

ಬಾನೆಟ್ ಎತ್ತಿ ನಿಂತ ಕಾರು ಕಂಡರೆ ನಮ್ಮ ದಾವಣಗೆರೆಯಲ್ಲಿ ಯಾರೂ ಸುಮ್ಮನೆ ಮುಂದೆ ಹೋಗುವುದಿಲ್ಲ. ಮದುವೆ ಮನೆಗಾದರೂ ಕರೆದರೆ ಮಾತ್ರ ಹೋಗುವ ಜನ, ಕೆಟ್ಟು ನಿಂತ ಕಾರಿನ ಬಳಿಗೆ ಕರೆಯದೆ ಬರುತ್ತಾರೆ. ಬಂದವರು ಮೊದಲು ಸೊಂಟದ ಮೇಲೆ ಕೈ ಇಡುತ್ತಾರೆ, ಆಮೇಲೆ ಬಗ್ಗುತ್ತಾರೆ, ಆಮೇಲೆ ಯಾವುದಾದರೊಂದು ವೈರನ್ನು ಹಿಡಿದು ಅಲ್ಲಾಡಿಸುತ್ತಾರೆ. ಅಲ್ಲಾಡಿಸಿದ ಮೇಲೆ ಅವರ ಮುಖದಲ್ಲಿ ಒಂದು ಗಾಂಭೀರ್ಯ ಮೂಡುತ್ತದೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಎಂಜಿನ್ ಎಂಬುದು ಬಾನೆಟ್ಟಿನ ಕೆಳಗಿರುತ್ತದೆ ಎಂಬಲ್ಲಿಗೆ ಆ ವಿಷಯದಲ್ಲಿ ನನ್ನ ಪಾಂಡಿತ್ಯ ಮುಗಿಯುತ್ತದೆ. ಆದರೂ ನಾನೂ ಬಗ್ಗಿದ್ದೇನೆ, ವೈರು ಅಲ್ಲಾಡಿಸಿದ್ದೇನೆ, "ಪೆಟ್ರೋಲ್ ಕಲಬೆರಕೆ" ಎಂದು ತೀರ್ಪು ಕೊಟ್ಟಿದ್ದೇನೆ. ಈ ತೀರ್ಪಿನ ಅನುಕೂಲವೆಂದರೆ, ಅದನ್ನು ಸುಳ್ಳೆಂದು ಸಾಧಿಸುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ.

ನಾನು ಅತಿ ಹೆಚ್ಚು ಸಲ ಬಗ್ಗಿ ನೋಡಿದ್ದು ನನ್ನ ಹೆಂಡತಿಯ ಅಣ್ಣ ರುದ್ರಪ್ಪನವರ ಕಾರಿನೊಳಕ್ಕೆ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಊರು ಒಂದು ದರ್ಜೆ ಮೇಲೇರಿದ ಕೂಡಲೇ ಊರಿನ ವರ್ತಕರಿಗೆಲ್ಲ ತಾವೂ ಒಂದು ದರ್ಜೆ ಏರಬೇಕೆನ್ನಿಸಿತು. ಕೆಲವರು ಮನೆಯ ಮುಂದೆ ಕಂಬ ನಿಲ್ಲಿಸಿದರು, ಕೆಲವರು ಕಂಬಕ್ಕೆ ಸಿಂಹ ಕೂರಿಸಿದರು. ಬಟ್ಟೆಯ ಸಗಟು ವ್ಯಾಪಾರಿಯಾದ ರುದ್ರಪ್ಪನವರು ಕಾರು ಕೊಂಡರು. ದುಬೈಯಿಂದ ಮರಳಿದವರೊಬ್ಬರು ಹಡಗಿನಲ್ಲಿ ತಂದಿದ್ದ ಜಪಾನಿ ಕಾರು, ಕುಂಕುಮದ ಬಣ್ಣ. ಬೆನ್ನಿನ ಮೇಲೆ ಇಂಗ್ಲಿಷಿನಲ್ಲಿ 'ಟರ್ಬೊ' ಎಂದು ಹೊಳೆಯುವ ಅಕ್ಷರ.

ಟರ್ಬೊ ಎಂದರೇನು ಎಂದು ಮಾರಿದವನು ವಿವರಿಸಿದ ರೀತಿಗೇ ನಮ್ಮ ರುದ್ರಪ್ಪನವರು ಸೋತದ್ದು. ಎಂಜಿನ್ ಹೊರಗೆ ಬಿಡುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುರುಕುತ್ತದೆ, ಗಾಳಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. "ಬಿಸಾಕೋ ಹೊಗಿ ಕಡಿಂದಾನೂ ಕೆಲ್ಸ ತಗೀತೈತ್ರಿ ಮೇಷ್ಟ್ರೆ" ಎಂದು ಅವರು ನನಗೆ ಹೇಳುವಾಗ ಕಣ್ಣಲ್ಲಿ ನೀರಾಡಿತ್ತು. ಬಟ್ಟೆಯ ಥಾನು ಸುತ್ತಿ ಬಂದ ಗೋಣಿಯನ್ನೂ ಬಿಚ್ಚಿ ಮಾರುವ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಸಿಕ್ಕೀತೆ?

ಕಾರು ಬಂದ ವರ್ಷದ ಆಯುಧಪೂಜೆ ಜೋರಾಗಿಯೇ ಆಯಿತು. ನಮ್ಮ ಕಡೆ ಅಂದು ತಕ್ಕಡಿ, ಗಜಕಡ್ಡಿ, ತಿಜೋರಿ, ಹೊಲಿಗೆ ಯಂತ್ರ, ಎಲ್ಲಕ್ಕೂ ವಿಭೂತಿ ಹಚ್ಚಿ, ಅರಿಶಿನದ ಕೊಂಬು ಸೇರಿಸಿದ ಕಂಕಣದ ದಾರ ಕಟ್ಟುತ್ತೇವೆ. ರುದ್ರಪ್ಪನವರ ಮನೆಯಿದ್ದ ನಿಜಲಿಂಗಪ್ಪ ಬಡಾವಣೆಯ ಬೇರೆ ಕಾರುಗಳಿಗೆ ಕನ್ನಡಿಗೋ ಬಂಪರಿಗೋ ಕಟ್ಟಿ ಮುಗಿಸಿದರು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಹೊರಗೆ ಕಟ್ಟಿದ ಕಂಕಣವನ್ನು ದನ ತಿನ್ನುತ್ತದೆ. ಕಟ್ಟುವುದಾದರೆ ಗಾಡಿಯ ಜೀವಕ್ಕೇ ಕಟ್ಟಬೇಕು. ಬಾನೆಟ್ ಎತ್ತಿಸಿದರು. ಒಳಗಿನ ಕೊಳವೆಗಳೆಲ್ಲ ದಪ್ಪ, ಪೂಜೆಗೆ ಬಂದ ಅಯ್ಯನವರು ಕೊಟ್ಟ ದಾರ ಗಿಡ್ಡ. ಒಂದೇ ಒಂದು ಕಪ್ಪು ರಬ್ಬರ್ ಪೈಪು ಮಾತ್ರ ಪೆನ್ಸಿಲಿನಷ್ಟು ಸಣ್ಣಗೆ, ಮಣಿಕಟ್ಟಿನ ಹಾಗೆ ಮೃದುವಾಗಿ, ಕಟ್ಟಿಸಿಕೊಳ್ಳಲೆಂದೇ ಹುಟ್ಟಿದಂತೆ ಕಂಡಿತು. ರುದ್ರಪ್ಪನವರು ಅದಕ್ಕೆ ಸುತ್ತು ಹಾಕಿ, ಬಟ್ಟೆಯ ಮೂಟೆಗೆ ಬಿಗಿಯುವಂತೆ ಕಾಲು ಊರಿ ಎಳೆದು ಗಂಟು ಹಾಕಿದರು. ಅವರ ಅಂಗಡಿಯ ಗಂಟು ಲಾರಿಯಲ್ಲಿ ಎಷ್ಟು ಕುಲುಕಿದರೂ ಸಡಿಲಾದದ್ದಿಲ್ಲ.

ಮಾರನೆಯ ದಿನ ಹರಿಹರದ ಕಡೆಗೆ ಹೊರಟಾಗ ಬಾತಿಯ ಏರಿನಲ್ಲಿ ಕಾರು ಕೆಮ್ಮಿತು. ನಿಧಾನಕ್ಕೆ ಹೋದರೆ ಏನೂ ಇಲ್ಲ. ಪೆಡಲ್ ಒತ್ತಿ ವೇಗ ಏರಿಸಿದರೆ ಸಾಕು, ಎಳೆದಾಡಿ, ಮುಗ್ಗರಿಸಿ, ಬಿಕ್ಕಳಿಸುತ್ತಿತ್ತು. ಆಮೇಲೆ ಆ ಎಂಜಿನ್ನಿನ ಮುಂದೆ ಊರಿಗೆ ಊರೇ ಬಗ್ಗಿತು. ಗ್ಯಾರೇಜಿನವನೊಬ್ಬ ಪ್ಲಗ್ ಬದಲಾಯಿಸಿದ, ಇನ್ನೊಬ್ಬ ಫಿಲ್ಟರ್ ಬದಲಾಯಿಸಿದ, ಪಕ್ಕದ ಮನೆಯವರು ದೃಷ್ಟಿಯಾಗಿದೆ ಎಂದರು, ನಾನು ನನ್ನ ಕಲಬೆರಕೆಯನ್ನು ಮಂಡಿಸಿದೆ. ಬಗ್ಗಿದವರೆಲ್ಲರಿಗೂ ಕಂಕಣ ಕಾಣುತ್ತಿತ್ತು. ಎಲ್ಲರೂ ಅದಕ್ಕೆ ಕೈ ಮುಗಿದೇ ಮುಂದಿನ ವೈರಿಗೆ ಕೈ ಹಾಕುತ್ತಿದ್ದರು.

ಕೈ ಮುಗಿಯದೆ ನೋಡಿದವಳು ರುದ್ರಪ್ಪನವರ ಮಗಳು ಗಿರಿಜಾ ಒಬ್ಬಳೇ. ಅವಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದಳು. ಅಪ್ಪ ಅವಳನ್ನು ಓದಿಸಿದ್ದು ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಬಿ.ಇ. ಎಂದು ಅಚ್ಚು ಹಾಕಿಸುವುದಕ್ಕೆ. ಅವಳು ಓದಿದ್ದು ಮಾತ್ರ ನಿಜವಾಗಿಯೂ ಎಂಜಿನ್ನುಗಳ ವಿಷಯ. ಇದು ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಹರಿಹರದ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸವೂ ಸಿಕ್ಕಿತ್ತು, ಯಂತ್ರಗಳ ನಡುವೆ ನಿಂತು ಮಾಡುವ ಕೆಲಸ. ದೀಪಾವಳಿ ಕಳೆದ ಸೋಮವಾರ ಹೋಗಿ ಸೇರದಿದ್ದರೆ ಅದು ಬೇರೆಯವರ ಪಾಲು. ಅಪ್ಪನ ಉತ್ತರ ಸಿದ್ಧವಿತ್ತು: "ಹರಿಹರ ದೂರ ಆತು. ಬ್ಯಾಡ."

ಒಂದು ದಿನ ಊಟಕ್ಕೆ ಕೂತಾಗ ಅವಳು ನನಗೆ ಕಾರಿನ ಕಾಯಿಲೆ ವಿವರಿಸಿದಳು. ವಿವರಿಸಿದ್ದು ನನಗೆ, ಕೇಳಿಸಬೇಕಾದದ್ದು ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ ಅಪ್ಪನಿಗೆ. "ಮಾಮ, ಮದ್ವಿ ಪಂಕ್ತಿ ನೆನಸ್ಕಳ್ರಿ. ಎಂಜಿನ್ನಿಗೆ ಬರೋ ಗಾಳಿ ಅಂದ್ರೆ ಉಣ್ಣಾಕೆ ಕುಂತೋರು. ಪೆಟ್ರೋಲ್ ಅಂದ್ರೆ ಬಡಿಸೋರು. ಟರ್ಬೊ ಶುರುವಾದ್ರೆ ಉಣ್ಣೋರು ಒಮ್ಮೆಗೇ ಜಾಸ್ತಿ ಆಕ್ಕಾರೆ. ಆಗ ಪೆಟ್ರೋಲಿನ ಒತ್ತಡಾನೂ ಅಷ್ಟೇ ಏರ್ಬೇಕು. ಅದನ್ನ ಏರ್ಸಾಕೆ, ಇಳ್ಸಾಕೆ ಅಂತ್ಲೇ ಒಂದು ರೆಗ್ಯುಲೇಟರ್ ಐತೆ. ಪಂಕ್ತಿ ನೋಡ್ಕಂಡು ಅಡಿಗಿ ಮನಿಗೆ 'ಅನ್ನ ಬರ್ಲಿ, ಸಾರು ಬರ್ಲಿ' ಅಂತ ಕೂಗೋ ಹಿರೇರು ಇರ್ತಾರಲ್ಲ, ಆ ಸಣ್ಣ ಪೈಪಿನ ಕೆಲ್ಸ ಅದು. ಗಾಳಿ ಎಷ್ಟೈತೆ ಅಂತ ರೆಗ್ಯುಲೇಟರಿಗೆ ಸುದ್ದಿ ಮುಟ್ಸೋದು. ಅಪ್ಪಾಜಿ ಕಂಕಣ ಬಿಗಿದಿರೋದು ಆ ಹಿರೇರ ಕುತ್ತಿಗಿಗೆ."

ಇತಿಹಾಸದ ಮೇಷ್ಟ್ರಿಗೆ ಇಷ್ಟು ಹೇಳಿದರೆ ಸಾಕು, ಅವನು ಶಾಸನಗಳ ಕಾಲಕ್ಕೆ ಓಡುತ್ತಾನೆ. ಕೆರೆ ಕಟ್ಟಿಸಿದ ಅರಸರನ್ನು ನಾವು ಪಾಠದಲ್ಲಿ ಕೊಂಡಾಡುತ್ತೇವೆ. ಕೆರೆಯ ತೂಬು ತೆಗೆದು ಮುಚ್ಚುತ್ತಿದ್ದ ನೀರಗಂಟಿಯನ್ನು ಪರೀಕ್ಷೆಗೆ ಕೇಳುವುದಿಲ್ಲ. ಆದರೆ ಗದ್ದೆ ಉಳಿಸುತ್ತಿದ್ದವನು ಅವನೇ. ಅವನು ತೂಬಿನ ಹತ್ತಿರ ಕೂತು ನೀರು ಬಿಡುತ್ತಿರಲಿಲ್ಲ. ಮೊದಲು ಕೆಳಗಿಳಿದು ಯಾವ ಗದ್ದೆ ಬಿರಿದಿದೆ, ಯಾವುದು ತುಂಬಿದೆ ಎಂದು ನೋಡಿ ಬಂದು ಆಮೇಲೆ ತೂಬು ಎತ್ತುತ್ತಿದ್ದ. ಕುಕ್ಕುವಾಡದಲ್ಲಿ ನಮಗೊಂದು ತುಂಡು ಗದ್ದೆಯಿದೆ, ನಾಲೆಯ ನೀರಿನದು. ಅಲ್ಲಿ ನೀರು ಬರುವುದು ಕಚೇರಿಯ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು. ಮಳೆ ಸುರಿಯುವಾಗ ನಾಲೆಯೂ ತುಂಬಿ ಬರುತ್ತದೆ, ತೆನೆ ಬಾಡುವಾಗ ಕ್ಯಾಲೆಂಡರಿನಲ್ಲಿ ಬಿಡುವು ಇರುತ್ತದೆ. ಕೆಳಗಿನ ಸುದ್ದಿ ಮೇಲಕ್ಕೆ ಹೋಗುವ ದಾರಿಯನ್ನು ಗೌರವಪೂರ್ವಕವಾಗಿ ಬಿಗಿದು ಕಟ್ಟಿಬಿಟ್ಟರೆ, ಮೇಲಿರುವವರಿಗೆ ಎಲ್ಲವೂ ಸುಗಮವಾಗಿಯೇ ಕಾಣುತ್ತದೆ. ನಮ್ಮ ಮನೆಗಳ ಯಜಮಾನಿಕೆಯೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡು ಬಂದಿದೆ.

ರುದ್ರಪ್ಪನವರು ರೊಟ್ಟಿ ಮುಗಿಸಿ ಕೈ ತೊಳೆದು ಬಂದು ಹೇಳಿದರು: "ಪೂಜಿ ಮಾಡಿ ಕಟ್ಟಿದ್ದನ್ನ ಕತ್ರಿಸ್ಬಾರ್ದು. ಗಾಡಿ ಮೆಲ್ಲಕ ಹೋಗ್ತೈತಲ್ಲ, ಅಷ್ಟು ಸಾಕು."

ಅಂದಿನಿಂದ ಅವರು ಮೆಲ್ಲಗೇ ಹೋಗತೊಡಗಿದರು, ಟರ್ಬೊ ನಿದ್ದೆಯಿಂದ ಏಳದಷ್ಟು ಮೆಲ್ಲಗೆ. ಪಿ.ಬಿ. ರೋಡಿನಲ್ಲಿ ಮಂಡಕ್ಕಿ ಚೀಲ ಹೇರಿಕೊಂಡ ಮೊಪೆಡ್ಡುಗಳು ಈ ಕೆಂಪು ಕಾರನ್ನು ದಾಟಿ ಹೋಗುತ್ತಿದ್ದವು; ದಾಟುವ ಮುಂಚೆ ಬೆನ್ನ ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿಕೊಳ್ಳುವಷ್ಟು ಸಮಯ ಸವಾರರಿಗಿರುತ್ತಿತ್ತು. ದುಬೈಯಿಂದ ಬಂದ ಕುದುರೆಯನ್ನು ಕೈಹಿಡಿದು ನಡೆಸಿಕೊಂಡು ಹೋಗುವುದರಲ್ಲೂ ಒಂದು ಘನತೆ ಇದೆ ಎಂದು ರುದ್ರಪ್ಪನವರು ನಂಬಿಕೊಂಡರು. ಸಾಮರ್ಥ್ಯವಿರುವ ವಸ್ತುವನ್ನು ಮನೆಯಲ್ಲಿಟ್ಟುಕೊಂಡು, ಅದು ಓಡದ ಹಾಗೆ ನೋಡಿಕೊಂಡು, ಅದರ ಹೆಸರನ್ನು ಮಾತ್ರ ಊರಿಗೆ ತೋರಿಸುವುದು ಅವರಿಗೆ ಹೊಸದೇನೂ ಅಲ್ಲ. ಒಳಗೆ ಮಗಳು ಹಪ್ಪಳ ಒಣಗಿಸುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ಯಾರೂ ಇಲ್ಲದಾಗ ನೀನೇ ಕತ್ತರಿಸಿಬಿಡಮ್ಮ" ಎಂದು ಗಿರಿಜಾಳಿಗೆ ಹೇಳಿದೆ. ಅವಳು ಹಪ್ಪಳ ಮಗುಚುತ್ತಲೇ, "ಕತ್ರಿಸಿದ್ರೆ ಗಾಡಿ ಓಡ್ತೈತಿ ಮಾಮ. ಆಮೇಲೆ ಯಾವತ್ತಾರ ಪಂಚರ್ ಆದ್ರೂ ಕಂಕಣ ಕತ್ರಿಸಿದ್ದಕ್ಕೇ ಆತು ಅಂತಾರೆ. ಅವ್ರೇ ಬಿಚ್ಬೇಕು" ಎಂದಳು. ಅವಳು ತನ್ನ ಮನೆಯ ಎಂಜಿನ್ನನ್ನೂ ಚೆನ್ನಾಗಿ ಓದಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗಲೇ.

ದೀಪಾವಳಿ ಮುಗಿಯಿತು. ಸೋಮವಾರಕ್ಕೆ ಇನ್ನೇನು ದೂರವಿಲ್ಲ ಎನ್ನುವಾಗ ಮನೆಯ ಅಯ್ಯನವರು, ಮರುಳಯ್ಯನವರು, ತಾವಾಗಿಯೇ ಬಂದರು. ಬಂದು ಕೂತು, ಕಾಫಿ ಕುಡಿದು, ಕಾರಿನ ಕಂಕಣ ಹೊಳೆಗೆ ಬಿಟ್ಟಿರಾ ಎಂದು ಕೇಳಿದರು. ಇಲ್ಲ ಎಂದು ತಿಳಿದು ಹುಬ್ಬೇರಿಸಿದರು. "ಹಬ್ಬ ಮುಗಿದ ಮ್ಯಾಲೆ ಬಿಚ್ಚಿ ಹರಿಯೋ ನೀರಿಗೆ ಬಿಡಾದು ಪದ್ಧತಿ. ಇನ್ನೂ ಇಟ್ಕಂಡೀರಲ್ಲ ಯಜಮಾನ್ರೆ."

"ಇಲ್ಲೇ ಭದ್ರಾ ನಾಲೇಗೆ ಬಿಟ್ರೆ ಆಗಾದಿಲ್ಲೇನ್ರಿ?" ರುದ್ರಪ್ಪನವರು ಹತ್ತಿರದ ದಾರಿ ಹುಡುಕಿದರು.

"ಹೊಳಿ ಅಂದ್ರೆ ಹೊಳಿನೇ. ಹರಿಹರಕ್ಕೆ ಹೋಗ್ರಿ" ಎಂದರು ಅಯ್ಯನವರು, ಒಳಗಡೆ ಒಮ್ಮೆ ನೋಡಿ. ಹಿಂದಿನ ದಿನ ಗಿರಿಜಾ ಅವರ ಮನೆಗೆ ಹಪ್ಪಳ ಕೊಡಲು ಹೋಗಿದ್ದಳೆಂದು ನನ್ನ ಹೆಂಡತಿ ಆಮೇಲೆ ಹೇಳಿದಳು.

ಭಾನುವಾರ ಹೊರಟೆವು. ಮುಂದೆ ಅಪ್ಪ ಮಗಳು, ಹಿಂದೆ ನಾನು. ಬಾತಿಯ ಏರಿನಲ್ಲಿ ಕಾರು ಎಂದಿನಂತೆ ಬಿಕ್ಕಳಿಸಿತು. ಹರಿಹರ ತಲುಪಿ, ಹೊಳೆಯ ದಂಡೆಯಲ್ಲಿ ನಿಲ್ಲಿಸಿ, ಎಂಜಿನ್ ಆರುವವರೆಗೆ ಕಾದು ರುದ್ರಪ್ಪನವರು ಬಗ್ಗಿದರು. ಅಲ್ಲಿಯೂ ಸ್ನಾನಕ್ಕೆ ಬಂದವರು ಒದ್ದೆ ಪಂಚೆಯಲ್ಲೇ ಸುತ್ತ ನೆರೆದು ಬಗ್ಗಿದರು. ಗಂಟು ಬಿಚ್ಚಲೊಲ್ಲದು. ಹಾಕಿದವರಿಗೇ ಒಲಿಯದ ಗಂಟು ಅದು. ಉಗುರು ನೊಂದು, ಬೆವರು ಹರಿದು, ಅವರು ಒಮ್ಮೆ ತಲೆಯೆತ್ತಿ ಮಗಳ ಕಡೆ ನೋಡಿದರು. ಅವಳು ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಕೊಟ್ಟಳು. ಎಲ್ಲಿ ಚುಚ್ಚಬೇಕು ಎಂದು ಹೇಳಲಿಲ್ಲ, ಬೆರಳು ಮಾತ್ರ ತೋರಿಸಿದಳು. ಪಿನ್ನು ಒಳಗೆ ಹೋಗಿ ಗಂಟು ಸಡಿಲಿತು. ಚಪ್ಪಟೆಯಾಗಿದ್ದ ಪೈಪು ಮೆಲ್ಲಗೆ ದುಂಡಗಾಯಿತು. ಕಂಕಣ ಹೊಳೆಯಲ್ಲಿ ತೇಲಿ ಹೋಯಿತು. ರುದ್ರಪ್ಪನವರು ಕೈ ಮುಗಿದರು, ಗಿರಿಜಾಳೂ ಮುಗಿದಳು.

ವಾಪಸು ಬರುವಾಗ ಬಾತಿಯ ಹತ್ತಿರ ಮುಂದೊಂದು ಬಸ್ಸಿತ್ತು. ರುದ್ರಪ್ಪನವರು ಅಭ್ಯಾಸಬಲದಿಂದ ಹಿಂದೆಯೇ ಉಳಿದರು. "ಒತ್ರಿ ಅಪ್ಪಾಜಿ" ಎಂದಳು ಮಗಳು. ಒತ್ತಿದರು. ಎಲ್ಲೋ ಒಳಗೆ ಸುಯ್ಯೆಂಬ ಸಣ್ಣ ಸದ್ದೆದ್ದಿತು, ಮರುಕ್ಷಣ ನನ್ನ ಬೆನ್ನು ಸೀಟಿಗೆ ಅಂಟಿತು, ಕನ್ನಡಕ ಕಿವಿಗೆ ಬಂತು, ಬಸ್ಸು ಎಲ್ಲಿ ಹೋಯಿತೋ ನೋಡಲಾಗಲಿಲ್ಲ.  ಆಮೇಲೆ ರುದ್ರಪ್ಪನವರು ಭಕ್ತಿಯಿಂದ, "ಹೊಳಿ ತಾಯಿ ದೊಡ್ಡಾಕಿ ನೋಡ್ರಿ ಮೇಷ್ಟ್ರೆ. ಕಂಕಣ ಮುಟ್ಟಿದ ಕೂಡ್ಲೇ ಗಾಡಿ ಹೆಂಗಾತು" ಎಂದರು.

ನಾನು ಬಾಯಿ ತೆರೆದೆ. ಕನ್ನಡಿಯಲ್ಲಿ ಗಿರಿಜಾಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಮುಚ್ಚಿಕೊಂಡೆ.

"ಅಪ್ಪಾಜಿ, ಈಗ ಹರಿಹರ ಹತ್ರ ಆತಲ್ಲ" ಎಂದಳು ಅವಳು.

ರುದ್ರಪ್ಪನವರು ಮತ್ತೊಮ್ಮೆ ಪೆಡಲ್ ಒತ್ತಿದರು. ಮನೆಯ ಮುಂದೆ ನಿಲ್ಲಿಸಿ, ಬೀಗದ ಕೈಯನ್ನು ತೆಗೆಯಲು ಮನಸ್ಸಿಲ್ಲದವರಂತೆ ಹಿಡಿದುಕೊಂಡೇ ಅವರು ಕೇಳಿದರು: "ನಾಳಿಗೆ ಎಷ್ಟೊತ್ತಿಗೆ ಹೋಗ್ಬೇಕು ಅಲ್ಲಿಗೆ?"

ಮಗಳ ಓದಿನ ಬೆಲೆ ತಿಳಿದು ಅವರು ಹಾಗೆ ಕೇಳಲಿಲ್ಲ. ದಿನಾ ಬೆಳಿಗ್ಗೆ ಬಾತಿಯ ಏರಿನಲ್ಲಿ ಬಸ್ಸುಗಳನ್ನು ಹಿಂದೆ ಹಾಕಲು ಒಂದು ನೆಪ ಸಿಕ್ಕಿತ್ತು, ಅಷ್ಟೇ. ಅಂಗಡಿಯಲ್ಲಿ ಕೂತು "ಏನ್ ಮಾಡಾದ್ರಿ, ಮಗಳನ್ನ ಫ್ಯಾಕ್ಟರಿಗೆ ಬಿಟ್ಟು ಬರ್ಬೇಕು" ಎಂದು ಅವರು ನಿಟ್ಟುಸಿರು ಬಿಡುವುದನ್ನು ಕೇಳಿದಾಗ ನನಗೆ ಮೈ ಉರಿಯುತ್ತಿತ್ತು. ಒಂದು ಹುಡುಗಿಯ ಬದುಕು ಕಾರಿನ ಚಪಲಕ್ಕೆ ಜೋತುಬೀಳಬೇಕೆ? ಒಮ್ಮೆ ಗಿರಿಜಾಳನ್ನೇ ಕೇಳಿದೆ. "ಯಾವ ದಾರಿಲಿ ಬಂದ್ರೇನು ಮಾಮ, ಸುದ್ದಿ ಮುಟ್ಟಿತಲ್ಲ" ಎಂದಳು. ನನಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಅವಳಿಗೆ ಆಗಿತ್ತು, ಸಂಬಳವೂ ಬರುತ್ತಿತ್ತು.

ಮರು ವರ್ಷದ ಆಯುಧಪೂಜೆಗೆ ಕರೆದರು. ಕಾರು ತೊಳೆದು ನಿಲ್ಲಿಸಿದ್ದರು. ಅಯ್ಯನವರು ವಿಭೂತಿ ಹಚ್ಚಿ ಕಂಕಣದ ದಾರವನ್ನು ಕೊಟ್ಟರು. ರುದ್ರಪ್ಪನವರು ಬಾನೆಟ್ ಎತ್ತಿದರು, ಬಗ್ಗಿದರು. ಸುತ್ತ ನೆರೆದಿದ್ದ ನಾವೆಲ್ಲ ಬಗ್ಗಿದೆವು. ದಾರ ಹಿಡಿದ ಕೈ ಆ ಸಣ್ಣ ಪೈಪಿನ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಅವರು ತಲೆಯೆತ್ತದೆ, ಯಾರಿಗೂ ಕೇಳಿಸಬಾರದೆಂಬಷ್ಟು ಮೆಲ್ಲಗೆ ಕೇಳಿದರು.

"ಎಲ್ಲಿ ಕಟ್ಲವ್ವಾ?"

ಗಿರಿಜಾ ಬ್ಯಾಟರಿಯ ಪಕ್ಕದ ಗಟ್ಟಿ ಕಬ್ಬಿಣದ ಪಟ್ಟಿಯನ್ನು ಮುಟ್ಟಿ ತೋರಿಸಿದಳು. "ಇಲ್ಲಿ ಕಟ್ರಿ ಅಪ್ಪಾಜಿ. ಇಲ್ಲಿ ಎಷ್ಟು ಬೇಕಾದ್ರೂ ಬಿಗೀರಿ."